ರಿಪೇರಿಯೋ, ಹೊಸತೋ? ನನ್ನ ಹಳೆ ಸ್ಕೂಟರಿನ ಲೆಕ್ಕ

ಪ್ರಥಮ ಪಿಯುಸಿ ವಾಣಿಜ್ಯ ತರಗತಿಯಲ್ಲಿ ಸವಕಳಿಯ ಪಾಠ ನಡೆಯುತ್ತಿತ್ತು. ಯಂತ್ರದ ಬೆಲೆ ಇಷ್ಟು, ಬಾಳಿಕೆ ಇಷ್ಟು ವರ್ಷ, ಕೊನೆಗೆ ಉಳಿಯುವ ಗುಜರಿ ಬೆಲೆ ಇಷ್ಟು, ಹಾಗಾದರೆ ವರ್ಷಕ್ಕೆ ಎಷ್ಟು ಸವಕಳಿ ಎಂಬ ಮಾಮೂಲಿ ಲೆಕ್ಕ. ಪುಸ್ತಕದ ಯಂತ್ರವನ್ನು ಯಾರೂ ಕಣ್ಣಾರೆ ಕಂಡಿಲ್ಲವಲ್ಲ ಎಂದು ನನ್ನ ಸ್ಕೂಟರನ್ನೇ ಬೋರ್ಡಿನ ಮೇಲೆ ಬರೆದೆ. 2014ರ ಜೂನ್‌ನಲ್ಲಿ ಕೊಂಡದ್ದು, ರಸ್ತೆಗಿಳಿಯುವಾಗ 54,000 ರೂಪಾಯಿ. ಬಾಳಿಕೆ 8 ವರ್ಷ, ಗುಜರಿ ಬೆಲೆ 6,000 ಎಂದು ಹಿಡಿದರೆ ವರ್ಷಕ್ಕೆ 6,000 ಸವಕಳಿ. ಹಿಂದಿನ ಬೆಂಚಿನಿಂದ ಒಬ್ಬಳು ಕೈ ಎತ್ತಿದಳು.

"ಸರ್, ಹಾಗಾದರೆ 2022ಕ್ಕೇ ನಿಮ್ಮ ಸ್ಕೂಟರ್ ಮುಗಿದಿದೆ. ಇವತ್ತು ಬೆಳಿಗ್ಗೆ ನೀವು ಯಾವುದರಲ್ಲಿ ಬಂದಿರಿ?"

ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಅವಳ ಪ್ರಶ್ನೆ ನನ್ನನ್ನು ಬಿಡಲಿಲ್ಲ, ಯಾಕೆಂದರೆ ಅದೇ ವಾರ ಆ ಸ್ಕೂಟರ್ ಎರಡು ಸಲ ದಾರಿಯಲ್ಲಿ ಕೈಕೊಟ್ಟಿತ್ತು. ಒಮ್ಮೆಯಂತೂ ಕಿರುಪರೀಕ್ಷೆಯ ದಿನ. ಪ್ರಶ್ನೆಪತ್ರಿಕೆಯ ಕಟ್ಟು ನನ್ನ ಚೀಲದಲ್ಲಿ, ನಾನು ಹೆದ್ದಾರಿ ಬದಿಯಲ್ಲಿ ಕಿಕ್ಕರ್ ತುಳಿಯುತ್ತಾ. ಬೆಳಗಿನ ಹೊತ್ತು ಸೈಲೆನ್ಸರಿನಿಂದ ನೀಲಿ ಹೊಗೆ ಬರುವುದನ್ನು ಗೇಟಿನ ಬಳಿ ನಿಲ್ಲುವ ನಿಮ್ಮಲ್ಲಿ ಹಲವರು ನೋಡಿದ್ದೀರಿ. ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ, ಮಸೀದಿಯ ಅಂಗಳದಲ್ಲಿ ಎಲ್ಲರದ್ದೂ ಒಂದೇ ಮಾತು: "ಇನ್ನು ಅದನ್ನು ಕೊಟ್ಟುಬಿಡಿ, ಹೊಸದು ತೆಗೆಯಿರಿ." 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದದ್ದರಿಂದ ಶೋರೂಮುಗಳ ಜಾಹೀರಾತೂ ಜೋರಾಗಿತ್ತು. ನನಗೂ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹನ್ನೊಂದು ವರ್ಷ, 92,000 ಕಿಲೋಮೀಟರ್ ಓಡಿದ ಗಾಡಿ ಅದು.

ಅವಳ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಪುಸ್ತಕದ ಬೆಲೆ ವಾಹನದ ಆಯುಷ್ಯವನ್ನು ಹೇಳುವುದಿಲ್ಲ. ಕೊಟ್ಟ ಬೆಲೆಯನ್ನು ಬಳಸಿದ ವರ್ಷಗಳಿಗೆ ಹಂಚುವ ಕ್ರಮವಷ್ಟೇ ಅದು. ಸ್ಥಿರ ಕಂತಿನ ವಿಧಾನದಲ್ಲಿ ನನ್ನ ಸ್ಕೂಟರ್ 2022ಕ್ಕೆ 6,000ಕ್ಕೆ ಬಂದು ನಿಂತಿತು. ಇಳಿಕೆಯ ಶಿಲ್ಕು ವಿಧಾನದಲ್ಲಿ, ಅಂದರೆ ಪ್ರತಿವರ್ಷ ಉಳಿದ ಶಿಲ್ಕಿನ ಮೇಲೆ ಶೇ. 15ರಂತೆ ಕಳೆದರೆ, ಹನ್ನೊಂದು ವರ್ಷದ ಕೊನೆಗೆ ಸುಮಾರು 9,036 ರೂಪಾಯಿ ಉಳಿಯುತ್ತದೆ. ಒಂದೇ ಗಾಡಿಗೆ ಎರಡು ಬೆಲೆ. ಎರಡರಲ್ಲಿ ಯಾವುದೂ ನಾಳೆ ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆಯೇ ಎಂದು ಹೇಳಲಾರದು.

ಅದನ್ನು ಹೇಳಬಲ್ಲವನು ಮೆಕ್ಯಾನಿಕ್. ಆದರೆ ಅಲ್ಲೂ ಎಚ್ಚರ ಬೇಕು. ನಾನು ಮೊದಲು ಹೋದ ಗ್ಯಾರೇಜಿನಲ್ಲಿ ಹೊಗೆಯನ್ನು ದೂರದಿಂದಲೇ ನೋಡಿ, "ಇಂಜಿನ್ ಪೂರ್ತಿ ಡೌನ್ ಸರ್, ಖರ್ಚು ಮಾಡುವುದು ದಂಡ" ಎಂದರು. ಬಿಚ್ಚಲಿಲ್ಲ, ಪ್ಲಗ್ ಕೂಡ ತೆಗೆಯಲಿಲ್ಲ. ಎರಡನೆಯ ಕಡೆ ಇದ್ದವನು ವಯಸ್ಸಿನಲ್ಲಿ ನಿಮಗಿಂತ ಏಳೆಂಟು ವರ್ಷ ದೊಡ್ಡವನಿರಬೇಕು, ಅಷ್ಟೆ. ಅವನು ಮೊದಲು ಕೇಳಿದ್ದು ಪ್ರಶ್ನೆಗಳನ್ನು: "ಹೊಗೆ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಮಾತ್ರವಾ, ಎಕ್ಸಿಲರೇಟರ್ ತಿರುಗಿಸುವಾಗಲೂ ಉಂಟಾ? ಆಯಿಲ್ ಎಷ್ಟು ಕಡಿಮೆಯಾಗುತ್ತದೆ?"

ವಿಜ್ಞಾನ ವಿಭಾಗದವರಿಗೆ ಇದು ಇಷ್ಟವಾಗಬಹುದು. ಸೈಲೆನ್ಸರಿನ ಹೊಗೆಗೆ ಬಣ್ಣವಿದೆ. ಚಳಿ, ಮಳೆಯ ಬೆಳಿಗ್ಗೆ ಸ್ವಲ್ಪ ಹೊತ್ತು ಬಂದು ನಿಲ್ಲುವ ತೆಳು ಬಿಳಿ ಹೊಗೆ ಹೆಚ್ಚಾಗಿ ನೀರಾವಿ, ಚಿಂತೆಯಿಲ್ಲ. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚಾಗಿ, ಗಾಳಿ ಕಡಿಮೆಯಾಗಿ ಉರಿಯುತ್ತಿದೆ. ಏರ್ ಫಿಲ್ಟರ್ ಅಥವಾ ಕಾರ್ಬುರೇಟರ್ ನೋಡಬೇಕು. ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಆಯಿಲ್ ಒಳಗೆ ಬರುವ ದಾರಿ ಮುಖ್ಯವಾಗಿ ಎರಡು. ಮೇಲಿನಿಂದ ವಾಲ್ವಿನ ಕಡ್ಡಿಯ ರಬ್ಬರ್ ಸೀಲು ಗಟ್ಟಿಯಾಗಿ ಸೋರುವುದು, ಅಥವಾ ಕೆಳಗಿನಿಂದ ಪಿಸ್ಟನ್ ರಿಂಗುಗಳು ಸವೆದು ಸಿಲಿಂಡರಿನ ಗೋಡೆಯ ಆಯಿಲನ್ನು ಪೂರ್ತಿ ಕೆರೆದು ಕೆಳಗೆ ತಳ್ಳದಿರುವುದು. ಸೀಲು ಹೋಗಿದ್ದರೆ ರಾತ್ರಿಯಿಡೀ ನಿಂತ ಗಾಡಿ ಸ್ಟಾರ್ಟ್ ಆಗುವಾಗ ಒಂದು ಸಲ ಭುಸ್ಸೆಂದು ಹೊಗೆ ಬಿಟ್ಟು ನಿಲ್ಲುತ್ತದೆ. ರಿಂಗು ಸವೆದಿದ್ದರೆ ಏರು ಹತ್ತುವಾಗಲೂ ಹೊಗೆ, ಎಳೆತವೂ ಕಡಿಮೆ. ಮೊದಲನೆಯದು ಕೆಲವು ನೂರು ರೂಪಾಯಿಯ ಕೆಲಸ, ಎರಡನೆಯದು ಕೆಲವು ಸಾವಿರದ್ದು. ದೂರದಿಂದ ನೋಡಿದರೆ ಎರಡೂ ನೀಲಿಯೇ.

ಅವನು ಪ್ಲಗ್ ತೆಗೆದು, ಆ ತೂತಿಗೆ ಮೀಟರ್ ಹಚ್ಚಿ ಕಂಪ್ರೆಷನ್ ನೋಡಿದ. ಕಡಿಮೆ ಇತ್ತು. ಆಮೇಲೆ ಅದೇ ತೂತಿನಿಂದ ಒಂದು ಚಮಚದಷ್ಟು ಆಯಿಲ್ ಬಿಟ್ಟು ಮತ್ತೊಮ್ಮೆ ನೋಡಿದ. ಮುಳ್ಳು ಮೇಲೇರಿತು. ಆ ಆಯಿಲ್ ಸವೆದ ರಿಂಗಿನ ಸಂದನ್ನು ತುಸು ಹೊತ್ತು ಮುಚ್ಚಿದ್ದರಿಂದ ಒತ್ತಡ ಏರಿತು. ವಾಲ್ವು ಸರಿಯಾಗಿ ಮುಚ್ಚದ ತೊಂದರೆಯಾಗಿದ್ದರೆ ಮುಳ್ಳು ಹೀಗೆ ಏರುತ್ತಿರಲಿಲ್ಲ. ಹದಿನೈದು ನಿಮಿಷದಲ್ಲಿ ರೋಗ ಯಾವುದೆಂದು ಗೊತ್ತಾಯಿತು. ಆ ಹದಿನೈದು ನಿಮಿಷ ಇಲ್ಲದಿದ್ದರೆ ಮುಂದಿನ ಯಾವ ಲೆಕ್ಕಕ್ಕೂ ಅರ್ಥವಿರುತ್ತಿರಲಿಲ್ಲ.

ಆಮೇಲೆ ಅವನು ಸ್ಕೂಟರನ್ನು ಮಗ್ಗುಲಿಗೆ ಮಲಗಿಸಿ, ಫುಟ್‌ಬೋರ್ಡಿನ ಪ್ಲಾಸ್ಟಿಕ್ ಬಿಚ್ಚಿ, ಚಾಸಿಯ ಪೈಪನ್ನು ಸ್ಪ್ಯಾನರಿನಿಂದ ಅಲ್ಲಲ್ಲಿ ತಟ್ಟಿದ. ಕಡಲ ಬದಿಯ ಊರಿನ ನಮಗೆ ಇದು ಇಂಜಿನ್‌ಗಿಂತ ದೊಡ್ಡ ವಿಷಯ. ನಾಲ್ಕು ತಿಂಗಳ ಮಳೆ, ವರ್ಷವಿಡೀ ಉಪ್ಪು ಗಾಳಿ. ಮೇಲೆ ಬಣ್ಣ ಹೊಳೆಯುತ್ತಿದ್ದರೂ ಒಳಗೆ ತುಕ್ಕು ತಿಂದಿರುತ್ತದೆ. ಇಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ಚಾಸಿ ಮುರಿದರೆ ಓಡುವಾಗಲೇ ಮುರಿಯುತ್ತದೆ. ಪೈಪು ಟಣ್ ಎಂದಿತು, ಪದರ ಏಳಲಿಲ್ಲ. ತುಕ್ಕು ಅಲ್ಲಿ ಹಿಡಿದಿದ್ದರೆ ನಾನು ಈ ಲೇಖನದ ಒಂದಂಕಿಯನ್ನೂ ಬರೆಯುತ್ತಿರಲಿಲ್ಲ, ಅಂದೇ ಗುಜರಿಗೆ ಕೊಡುತ್ತಿದ್ದೆ. ಬ್ರೇಕು, ಟೈರು, ಹ್ಯಾಂಡಲ್ ಕೋನ್ ಇವುಗಳನ್ನೂ ನಾನು ಲೆಕ್ಕದಿಂದ ಹೊರಗೇ ಇಡುತ್ತೇನೆ. ಗಾಡಿ ಇಟ್ಟುಕೊಳ್ಳುವುದಾದರೆ ಅವು ಸರಿ ಇರಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ.

ಅವನು ಕೊಟ್ಟ ಅಂದಾಜು ಹೀಗಿತ್ತು. ಹೊಸ ಬ್ಲಾಕ್ ಮತ್ತು ಪಿಸ್ಟನ್, ವಾಲ್ವ್ ಕೆಲಸ, ಗ್ಯಾಸ್ಕೆಟ್, ಆಯಿಲ್, ಮಜೂರಿ ಸೇರಿ 6,500. ಬೆಲ್ಟ್ ಮತ್ತು ರೋಲರ್ 1,800. ಹ್ಯಾಂಡಲ್ ಕೋನ್ ಸೆಟ್ 900. ಹಿಂದಿನ ಟೈರ್ 1,700. ಒಟ್ಟು 10,900 ರೂಪಾಯಿ.

ಶೋರೂಮಿನಲ್ಲಿ ಎಕ್ಸ್‌ಚೇಂಜಿಗೆ ಇದೇ ಗಾಡಿಗೆ ಹೇಳಿದ್ದು 9,000. ಅಂದರೆ ಗಾಡಿಯ ಬೆಲೆಗಿಂತ ರಿಪೇರಿಯ ಖರ್ಚು ಹೆಚ್ಚು. ಸ್ಟಾಫ್ ರೂಮಿನಲ್ಲಿ ಹೇಳಿದಾಗ ಕನ್ನಡ ವಿಭಾಗದ ಹಿರಿಯರು ಒಂದೇ ಗಾದೆಯಲ್ಲಿ ತೀರ್ಪು ಕೊಟ್ಟರು: ಮೂಗಿಗಿಂತ ಮೂಗುತಿ ಭಾರ.

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಗಾದೆ ಸರಿ, ಹೋಲಿಕೆ ತಪ್ಪು. 9,000 ಎಂಬುದು ನಾನು ಅದನ್ನು ಮಾರಿದರೆ ಬರುವ ಹಣ. ನನಗೆ ಬೇಕಾದದ್ದು ಮಾರಾಟವಲ್ಲ, ಪ್ರತಿದಿನ ಮನೆಯಿಂದ ಕಾಲೇಜಿಗೆ 14, ತಿರುಗಿ 14 ಕಿಲೋಮೀಟರಿನ ಓಡಾಟ. ಹಾಗಾಗಿ ರಿಪೇರಿಯ ಬಿಲ್ಲನ್ನು ಗಾಡಿಯ ಬೆಲೆಯ ಜೊತೆ ತೂಗಬಾರದು. ಹಳೆ ಗಾಡಿಯಲ್ಲಿ ಮುಂದಿನ ಮೂರು ವರ್ಷ ಓಡಾಡಲು ಒಟ್ಟು ಎಷ್ಟಾಗುತ್ತದೆ, ಹೊಸ ಗಾಡಿಯಲ್ಲಿ ಎಷ್ಟಾಗುತ್ತದೆ, ಇವೆರಡನ್ನು ತೂಗಬೇಕು. ಮೂರು ವರ್ಷ ಯಾಕೆಂದರೆ, ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನನ್ನದು 2029ರ ಜೂನ್‌ಗೆ. ಆಮೇಲೆ ತಪಾಸಣೆ, ನವೀಕರಣ ಶುಲ್ಕ, ಹಸಿರು ತೆರಿಗೆ ಎಂದು ಬೇರೆಯೇ ಲೆಕ್ಕ ಶುರುವಾಗುತ್ತದೆ.

ಅದಕ್ಕೂ ಮೊದಲು ಒಂದು ಖರ್ಚನ್ನು ಹೊರಗೆ ಹಾಕಬೇಕು. ಕಳೆದ ವರ್ಷ ಬ್ಯಾಟರಿ, ಮುಂದಿನ ಟೈರ್, ಶಾಕ್ ಅಬ್ಸಾರ್ಬರ್ ಎಂದು 4,200 ಹಾಕಿದ್ದೆ. "ಇಷ್ಟು ಹಾಕಿದ ಮೇಲೆ ಬಿಡುವುದು ಹೇಗೆ?" ಎಂದು ಮನಸ್ಸು ಒಂದು ಕಡೆಗೆ ಎಳೆಯುತ್ತದೆ. "ಇದಕ್ಕೆ ಸುರಿದದ್ದು ಸಾಕು" ಎಂದು ಮರುಕ್ಷಣವೇ ಇನ್ನೊಂದು ಕಡೆಗೆ. ಎರಡೂ ಒಂದೇ ತಪ್ಪು. ಆ 4,200 ಮುಳುಗಿದ ವೆಚ್ಚ. ನಾನು ಇಟ್ಟುಕೊಂಡರೂ ಮಾರಿದರೂ ಅದು ತಿರುಗಿ ಬರುವುದಿಲ್ಲ, ಆದ್ದರಿಂದ ಲೆಕ್ಕದೊಳಗೆ ಅದಕ್ಕೆ ಜಾಗವಿಲ್ಲ.

ಈಗ ಹಳೆಯದರ ಲೆಕ್ಕ. ರಿಪೇರಿ 10,900. ಇವತ್ತು 9,000ಕ್ಕೆ ಮಾರಬಹುದಾಗಿದ್ದ ಗಾಡಿ ಮೂರು ವರ್ಷದ ನಂತರ ಗುಜರಿಗೆ 5,000ಕ್ಕೆ ಹೋದೀತು. ಆ 4,000 ಇಟ್ಟುಕೊಂಡದ್ದರ ಖರ್ಚು. ನಾನು ಕೈಯಿಂದ ಕೊಡದಿದ್ದರೂ ಬಿಟ್ಟುಕೊಟ್ಟ ಹಣ ಅದು, ಅರ್ಥಶಾಸ್ತ್ರದವರು ಹೇಳುವ ಅವಕಾಶ ವೆಚ್ಚ. ಸರ್ವಿಸ್ ಮತ್ತು ಸಣ್ಣಪುಟ್ಟ ರಿಪೇರಿ ವರ್ಷಕ್ಕೆ 5,000 ಎಂದು ಧಾರಾಳವಾಗಿಯೇ ಹಿಡಿದೆ, ಮೂರು ವರ್ಷಕ್ಕೆ 15,000. ವಿಮೆ ವರ್ಷಕ್ಕೆ 1,200, ಒಟ್ಟು 3,600. ಪೆಟ್ರೋಲು: ವರ್ಷಕ್ಕೆ ನನ್ನ ಓಡಾಟ 8,400 ಕಿ.ಮೀ., ಇಂಜಿನ್ ಕೆಲಸವಾದ ಮೇಲೆ ಲೀಟರಿಗೆ 42 ಸಿಗುತ್ತದೆಂದರೆ 200 ಲೀಟರ್. ಲೀಟರಿಗೆ 102 ರೂಪಾಯಿಯಂತೆ ವರ್ಷಕ್ಕೆ 20,400, ಮೂರು ವರ್ಷಕ್ಕೆ 61,200. ಎಲ್ಲ ಕೂಡಿಸಿದರೆ 94,700. ತಿಂಗಳಿಗೆ ಸುಮಾರು 2,630 ರೂಪಾಯಿ.

ಹೊಸದರ ಲೆಕ್ಕ. ಅದೇ 110 ಸಿಸಿ ವರ್ಗದ ಸ್ಕೂಟರ್, ರಸ್ತೆಗಿಳಿಯುವಾಗ 98,000. ಮೂರು ವರ್ಷದ ನಂತರ 55,000ಕ್ಕೆ ಮಾರಬಹುದೆಂದು ಇಟ್ಟರೆ ಬೆಲೆಯ ಇಳಿಕೆಯೇ 43,000. ಸರ್ವಿಸ್ ವರ್ಷಕ್ಕೆ 3,000ದಂತೆ 9,000. ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರ್‌ನಿಂದ ಕಡ್ಡಾಯವಾದ್ದರಿಂದ ಅದು ಕೊಳ್ಳುವ ಬೆಲೆಯಲ್ಲೇ ಸೇರಿದೆ. ಎರಡು ಮತ್ತು ಮೂರನೇ ವರ್ಷ ಗಾಡಿಯ ಸ್ವಂತ ಹಾನಿಯ ವಿಮೆಗೆ 3,000. ಪೆಟ್ರೋಲು ಲೀಟರಿಗೆ 50 ಕಿ.ಮೀ. ಎಂದರೆ ಮೂರು ವರ್ಷಕ್ಕೆ 51,408. ಒಟ್ಟು 1,06,408. ತಿಂಗಳಿಗೆ ಸುಮಾರು 2,956.

ನಾನು ಬರೆದ ಅಂಕಿಗಳನ್ನು ನಾನೇ ಎರಡು ಸಲ ಕೂಡಿಸಿ ನೋಡಿದೆ. ತಿಂಗಳಿಗೆ 325 ರೂಪಾಯಿಯ ವ್ಯತ್ಯಾಸ, ಅಷ್ಟೆ. ಕೈಯಲ್ಲಿ 98,000 ಇಟ್ಟುಕೊಂಡವರು ಹೊಸದನ್ನೇ ಕೊಂಡರೂ ದುಂದು ಎಂದು ಯಾರೂ ಹೇಳಲಾರರು. ದಾರಿಯಲ್ಲಿ ನಿಲ್ಲದೆ ಹೋಗುವ ನೆಮ್ಮದಿಗೆ 325 ಕೊಡಬಹುದು. ನಾನು ಇಲ್ಲಿಯವರೆಗೆ ಬಂದು ಹೊಸದರ ಕಡೆಗೆ ವಾಲಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಆದರೆ ಕೈಯಲ್ಲಿ ಅಷ್ಟು ಹಣ ಇರಲಿಲ್ಲ. ಹಳೆಯದರ ಎಕ್ಸ್‌ಚೇಂಜ್ 9,000, ನಾನು ಕೊಡಬಲ್ಲದ್ದು 15,000. ಉಳಿದ 74,000ಕ್ಕೆ ಸಾಲ. ಸೇಲ್ಸ್‌ನ ಹುಡುಗ ನಗುತ್ತಾ ಹೇಳಿದ: "ಒಂಬತ್ತೂವರೆ ಪರ್ಸೆಂಟ್ ಅಷ್ಟೇ ಸರ್, ಮೂರು ವರ್ಷ, ತಿಂಗಳಿಗೆ 2,640." ಕಂತುಗಳನ್ನು ಕೂಡಿಸಿದರೆ 95,040, ಅಂದರೆ ಬಡ್ಡಿಯೇ 21,040. ಗಮನಿಸಿ, ಒಂಬತ್ತೂವರೆ ಎಂಬುದು ಪೂರ್ತಿ 74,000ದ ಮೇಲೆ ಮೂರು ವರ್ಷವೂ ಹಾಕಿದ ದರ. ಆದರೆ ನಾನು ಪ್ರತಿ ತಿಂಗಳೂ ಅಸಲು ತೀರಿಸುತ್ತಾ ಬರುತ್ತೇನೆ. ಕೊನೆಯ ವರ್ಷ ನನ್ನ ಮೇಲೆ ಉಳಿದ ಸಾಲ ಬಹಳ ಸಣ್ಣದು, ಬಡ್ಡಿ ಮಾತ್ರ ಮೊದಲಿನಷ್ಟೇ. ಉಳಿದ ಸಾಲದ ಮೇಲೆ ಲೆಕ್ಕ ಹಾಕಿದರೆ ಅದೇ ಕಂತಿಗೆ ನಿಜವಾದ ದರ ವರ್ಷಕ್ಕೆ ಸುಮಾರು ಶೇ. 17. ಫ್ಲ್ಯಾಟ್ ದರ, ಇಳಿಕೆಯ ದರ ಎಂಬ ಎರಡು ಮಾತಿನ ನಡುವೆ ಎಷ್ಟು ಹಣ ಹೋಗುತ್ತದೆ ನೋಡಿ. ಬಡ್ಡಿಯಿಂದ ದೂರ ಇರಲು ನನಗೆ ದೀನಿನ ಕಾರಣವಿದೆ, ನಿಮ್ಮಲ್ಲಿ ಅನೇಕರ ಮನೆಯಲ್ಲೂ ಇದೆ. ಆ ಕಾರಣ ಇಲ್ಲದ ಗೆಳೆಯರೂ ಕಂತಿಗೆ ಸಹಿ ಹಾಕುವ ಮೊದಲು ಈ ಎರಡನೇ ದರವನ್ನು ಕೇಳಿ ತಿಳಿಯಬೇಕು. ಬಡ್ಡಿ ಸೇರಿಸಿದರೆ ಹೊಸ ಸ್ಕೂಟರಿನ ಮೂರು ವರ್ಷ 1,27,448, ತಿಂಗಳಿಗೆ 3,540. ಹಳೆಯದಕ್ಕಿಂತ ತಿಂಗಳಿಗೆ 910 ರೂಪಾಯಿ ಹೆಚ್ಚು.

ಅಲ್ಲಿ ನನಗೊಂದು ಹೊಳೆಯಿತು. ಬ್ಯಾಂಕಿಗೆ ಕಟ್ಟಬೇಕಾಗಿದ್ದ ಆ 2,640ನ್ನೇ ತಿಂಗಳು ತಿಂಗಳು ನಾನೇ ಎತ್ತಿಟ್ಟರೆ ಮೂರು ವರ್ಷಕ್ಕೆ 95,040 ಆಗುತ್ತದೆ. ಗುಜರಿಯ 5,000 ಸೇರಿದರೆ ಲಕ್ಷ ದಾಟುತ್ತದೆ, ಇವತ್ತಿನ ದರದಲ್ಲಿ ಒಂದು ಸ್ಕೂಟರಿನ ನಗದು ಬೆಲೆ. ಸಾಲದ ಆರಂಭಕ್ಕೆ ಕೊಡಬೇಕಿದ್ದ 15,000ದೊಳಗೆ ರಿಪೇರಿಯೂ ಮುಗಿದು 4,100 ಉಳಿಯುತ್ತದೆ. ಅಂದರೆ 10,900 ಕೊಟ್ಟು ನಾನು ಕೊಳ್ಳುತ್ತಿರುವುದು ಪಿಸ್ಟನ್ನು, ಬೆಲ್ಟು ಮಾತ್ರವಲ್ಲ. ಹಣ ಕೂಡಿಸಲು ಮೂರು ವರ್ಷದ ಸಮಯ. ಅಕೌಂಟೆನ್ಸಿಯವರು ಒಂದು ಮಾತು ನೆನಪಿಡಿ: ಲಾಭನಷ್ಟದ ಖಾತೆಯಲ್ಲಿ ಸವಕಳಿ ಎಂದು ಬರೆದ ಮಾತ್ರಕ್ಕೆ ಹೊಸ ಆಸ್ತಿ ಕೊಳ್ಳಲು ಪೆಟ್ಟಿಗೆಯಲ್ಲಿ ಹಣ ಇರುವುದಿಲ್ಲ. ಅದನ್ನು ಬೇರೆಯಾಗಿ ಎತ್ತಿಡಬೇಕು. ಹನ್ನೊಂದು ವರ್ಷ ತರಗತಿಯಲ್ಲಿ ಸವಕಳಿ ಬರೆಸಿದ ನಾನು ನನ್ನ ಸ್ಕೂಟರಿಗಾಗಿ ಒಂದು ರೂಪಾಯಿ ಎತ್ತಿಟ್ಟಿರಲಿಲ್ಲ.

ಬೇರೆ ದಾರಿಗಳನ್ನೂ ನೋಡಿದೆ. ಬಸ್ಸು ಎಲ್ಲಕ್ಕಿಂತ ಅಗ್ಗ, ಆದರೆ ಮಗಳನ್ನು ಶಾಲೆಗೆ ಬಿಟ್ಟು ಮೊದಲ ಪೀರಿಯಡ್‌ಗೆ ಮುಟ್ಟಿಸುವ ಬಸ್ಸು ಇಲ್ಲ. ಎಲೆಕ್ಟ್ರಿಕ್ ಸ್ಕೂಟರಿನ ಕಿಲೋಮೀಟರ್ ಖರ್ಚು ಬಹಳ ಕಡಿಮೆ. ನಮ್ಮದು ಬಾಡಿಗೆಯ ಮೇಲ್ಮಹಡಿ, ಗಾಡಿ ನಿಲ್ಲುವಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಉಳಿದದ್ದು ಸೆಕೆಂಡ್ ಹ್ಯಾಂಡ್. ನಾಲ್ಕು ವರ್ಷ ಹಳೆಯದು 58,000ಕ್ಕೆ ಇದೆ ಎಂದು ಒಬ್ಬರು ತೋರಿಸಿದರು. ಅದನ್ನು ಬಿಟ್ಟದ್ದಕ್ಕೆ ಕಾರಣ ಸ್ವಲ್ಪ ದೊಡ್ಡದು.

ಅಮೆರಿಕದ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆ ಕಾರುಗಳ ಮಾರುಕಟ್ಟೆಯ ಬಗ್ಗೆ ಒಂದು ಲೇಖನ ಬರೆದರು. ಮೂರು ಪತ್ರಿಕೆಗಳು ತಿರಸ್ಕರಿಸಿದ ಮೇಲೆ ನಾಲ್ಕನೆಯದು ಅದನ್ನು ಪ್ರಕಟಿಸಿತು. 2001ರಲ್ಲಿ ಅವರಿಗೆ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಹೇಳಿದ್ದು ನಮ್ಮೂರಿನ ಸಂತೆಗೂ ಹೊಂದುತ್ತದೆ. ಹತ್ತು ಹಳೆ ಸ್ಕೂಟರ್ ಮಾರಾಟಕ್ಕಿವೆ ಎನ್ನಿ. ಐದು ಒಳ್ಳೆಯವು, 20,000ಕ್ಕೆ ಯೋಗ್ಯ. ಐದು ಕೆಟ್ಟವು, 10,000ದವು. ಯಾವುದು ಯಾವುದೆಂದು ಮಾಲಿಕನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಅವನು ನಡುವಿನ 15,000ಕ್ಕಿಂತ ಹೆಚ್ಚು ಕೊಡಲಾರ. ಆ ಬೆಲೆಗೆ ಒಳ್ಳೆಯ ಗಾಡಿಯ ಮಾಲಿಕ ಮಾರುವುದಿಲ್ಲ, ಮನೆಗೆ ತೆಗೆದುಕೊಂಡು ಹೋಗುತ್ತಾನೆ. ಉಳಿಯುವವು ಕೆಟ್ಟವೇ. ಅದು ಗೊತ್ತಾದ ಮೇಲೆ ಬೆಲೆ ಇನ್ನೂ ಇಳಿಯುತ್ತದೆ.

ಶೋರೂಮಿನವರು ನನ್ನ ಗಾಡಿಗೆ 9,000 ಎಂದದ್ದು ಹೀಗೆಯೇ. ಅವರು ಅದರ ಅತಿ ಕೆಟ್ಟ ಸ್ಥಿತಿಯನ್ನು ಊಹಿಸಿ ಬೆಲೆ ಕಟ್ಟಿದರು. ಚಾಸಿ ಗಟ್ಟಿಯಾಗಿದೆ, 3,000 ಕಿಲೋಮೀಟರಿಗೊಮ್ಮೆ ತಪ್ಪದೆ ಆಯಿಲ್ ಬದಲಿಸಿದ್ದೇನೆ, ಒಮ್ಮೆಯೂ ಬಿದ್ದಿಲ್ಲ ಎಂಬುದು ನನಗೆ ಗೊತ್ತು. ಆ ತಿಳಿವಳಿಕೆಗೆ ಮಾರುಕಟ್ಟೆ ಒಂದು ಪೈಸೆ ಕೊಡುವುದಿಲ್ಲ, ಓಡಿಸುವ ನನಗೆ ಮಾತ್ರ ಅದರ ಬೆಲೆ ಸಿಗುತ್ತದೆ. ಅದಕ್ಕೇ ರಿಪೇರಿ ಮಾಡಿಸಿ ಮಾರುವುದು ನಷ್ಟದ ಕೆಲಸ, ರಿಪೇರಿ ಮಾಡಿಸಿ ಓಡಿಸುವುದು ಹೆಚ್ಚು ಸಲ ಲಾಭದ್ದು. 58,000ದ ಆ ಇನ್ನೊಂದು ಗಾಡಿಯ ವಿಷಯದಲ್ಲಿ ನಾನು ಏನೂ ಗೊತ್ತಿಲ್ಲದವರ ಕಡೆ ಇದ್ದೆ.

ಆ ಕಡೆ ನಿಂತ ಅನುಭವ ನನಗೆ ಮೊದಲೇ ಆಗಿತ್ತು. ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದಾಗ ಬಾಪ ಗೂಡಂಗಡಿಯ ಉಳಿತಾಯದಿಂದ ನನಗೊಂದು ಹಳೆ ಬೈಕ್ ತೆಗೆದುಕೊಟ್ಟರು. ನೋಡುವಾಗ ಹೊಗೆ ಇರಲಿಲ್ಲ, ಸದ್ದೂ ಇರಲಿಲ್ಲ. ಎರಡು ವಾರದಲ್ಲಿ ಎರಡೂ ಶುರುವಾದವು. ಬಿಚ್ಚಿದಾಗ ಗೊತ್ತಾಯಿತು, ಹೊಗೆ ಕಾಣದಂತೆ ಇಂಜಿನ್‌ಗೆ ದಪ್ಪ ಆಯಿಲ್ ತುಂಬಿದ್ದರು. ಬಾಪ ಮಾರಿದವನ ಮನೆಗೆ ಹೋಗಿ ಬಂದರು, ಅವನು "ನೋಡಿಯೇ ತೆಗೆದದ್ದಲ್ಲವಾ?" ಎಂದನಂತೆ. ಮನೆಗೆ ಬಂದು ಬಾಪ ಆ ಬಗ್ಗೆ ಮತ್ತೆ ಮಾತಾಡಲಿಲ್ಲ, ಆ ವರ್ಷ ಹಬ್ಬಕ್ಕೆ ಅವರು ಹೊಸ ಅಂಗಿ ಹೊಲಿಸಲಿಲ್ಲ.

ಇಷ್ಟು ಗೊತ್ತಿದ್ದ ನನಗೇ ಈ ಅಕ್ಟೋಬರಿನಲ್ಲಿ ಪರೀಕ್ಷೆ ಬಂತು. ಮೂರು ವರ್ಷದ ಹಿಂದೆ ಇದೇ ಕಾಲೇಜಿನಲ್ಲಿ ಓದಿದ ಹುಡುಗನೊಬ್ಬ, ಈಗ ಊಟ ಡೆಲಿವರಿ ಮಾಡುತ್ತಾ ಸಂಜೆ ಕಾಲೇಜಿನಲ್ಲಿ ಓದುತ್ತಿರುವವನು, ಮನೆಗೆ ಬಂದ. "ಸರ್, ನೀವು ಸ್ಕೂಟರ್ ಕೊಡುತ್ತೀರಂತೆ. ನಿಮ್ಮ ಗಾಡಿ ಅಂದರೆ ನೋಡುವುದೇ ಬೇಡ. ಹದಿನಾರು ಸಾವಿರ ಕೊಡ್ತೇನೆ." ಶೋರೂಮಿಗಿಂತ 7,000 ಹೆಚ್ಚು. ಅವನು ಬಂದದ್ದು ಮಧ್ಯಾಹ್ನ, ಗಾಡಿ ಬಿಸಿಯಾಗಿತ್ತು, ಹೊಗೆ ಕಾಣುತ್ತಿರಲಿಲ್ಲ. ನಾನು ತಕ್ಷಣ ಬಾಯಿ ಬಿಡಲಿಲ್ಲ. ಚಹಾ ತರಲು ಒಳಗೆ ಹೋದೆ, ಅಡುಗೆಮನೆಯಲ್ಲಿ ಬೇಕಾದ್ದಕ್ಕಿಂತ ಎರಡು ನಿಮಿಷ ಹೆಚ್ಚು ನಿಂತೆ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಕೆಳಗೆ ತೇವ ಕಂಡು, ವ್ಯಾಪಾರಿಯನ್ನು ಪ್ರಶ್ನಿಸಿದ ಪ್ರವಾದಿಯವರ ಪ್ರಸಂಗವನ್ನು ನೀವು ಮದರಸದಲ್ಲೇ ಕೇಳಿದ್ದೀರಿ. ಮಾರುವ ವಸ್ತುವಿನ ಐಬು ಹೇಳಲೇಬೇಕು, ಮುಚ್ಚಿಟ್ಟರೆ ಕೊಂಡವನಿಗೆ ತಿರುಗಿಸುವ ಹಕ್ಕಿದೆ ಎಂಬುದು ನಮ್ಮ ಫಿಕ್ಹಿನ ಪಾಠ. ಅಕರ್ಲಾಫ್ ಅವರ ಮಾರುಕಟ್ಟೆ ಹಾಳಾಗುವುದು ಇದು ತಪ್ಪಿದಾಗಲೇ. ನನ್ನ ತಲೆಯಲ್ಲಿ ಮಾತ್ರ ಆ ಹೊತ್ತು ಓಡುತ್ತಿದ್ದದ್ದು ಹೆಚ್ಚಿನ 7,000.

ಚಹಾ ಕೊಟ್ಟು ಹೇಳಿದೆ: ರಿಂಗು ಹೋಗಿದೆ, ಆಯಿಲ್ ಕುಡಿಯುತ್ತದೆ, 10,900ರ ಕೆಲಸ ಇದೆ, ಅದಿಲ್ಲದೆ ನಿನ್ನ ಕೆಲಸಕ್ಕೆ ಆಗುವುದಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿದ್ದು ಒಳ್ಳೆಯದಾಯಿತು ಸರ್, ನಾನು ನಾಳೆಯೇ ಹಣ ತರಬೇಕೆಂದಿದ್ದೆ" ಎಂದ.

ಸ್ಕೂಟರನ್ನು ಆ ವಾರವೇ ಗ್ಯಾರೇಜಿಗೆ ಬಿಟ್ಟೆ. ಬಿಲ್ 10,900 ಅಲ್ಲ, 11,350 ಆಯಿತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುವುದರಿಂದ 2014ರ ಗಾಡಿಯ ಪೆಟ್ರೋಲ್ ಪೈಪು, ಕಾರ್ಬುರೇಟರಿನ ರಬ್ಬರುಗಳನ್ನು ಬದಲಿಸುವುದು ಒಳ್ಳೆಯದೆಂದು ಅವನು ಹೇಳಿದ. ಹಳೆಯವು ಗಟ್ಟಿಯಾಗಿ ಬಿರುಕು ಬಿಟ್ಟಿದ್ದನ್ನು ಕೈಯಲ್ಲಿಟ್ಟು ತೋರಿಸಿದ. ಮೊದಲ 500 ಕಿಲೋಮೀಟರ್ 40ರ ಮೇಲೆ ಓಡಿಸಬೇಡಿ ಎಂದಿದ್ದಾನೆ. ನಾನು ಹೆದ್ದಾರಿಯಲ್ಲಿ ಎಡಕ್ಕೆ ಸರಿದು ಹೋಗುವುದನ್ನು ನೋಡಿ ಹಾರ್ನ್ ಹೊಡೆದು ಮುಂದೆ ಹೋದ ದ್ವಿತೀಯ ಪಿಯುಸಿಯ ಇಬ್ಬರಿಗೆ ಕಾರಣ ಗೊತ್ತಾಗಲಿ ಎಂದು ಇದನ್ನು ಬರೆದೆ. ಹೊಗೆ ನಿಂತಿದೆ. ಎಮಿಷನ್ ಟೆಸ್ಟಿನ ಪಿಯುಸಿಯೂ ಪಾಸಾಗಿದೆ.

ಟ್ಯಾಂಕ್ ತುಂಬಿಸಿ, ಮೀಟರ್ ಬರೆದಿಟ್ಟು, ಮತ್ತೆ ತುಂಬಿಸುವಾಗ ಹಿಡಿದ ಲೀಟರಿನಿಂದ ಓಡಿದ ಕಿಲೋಮೀಟರನ್ನು ಭಾಗಿಸಿದರೆ ನಿಜವಾದ ಮೈಲೇಜ್ ಸಿಗುತ್ತದೆ. ಮೊದಲು 36 ಇತ್ತು, ಈಗ 41 ಬಂದಿದೆ. ನಾನು ಹಿಡಿದ 42 ಇನ್ನೂ ಬಂದಿಲ್ಲ. ಅದೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಮನಸ್ಸು ತಣ್ಣಗಿರುವಾಗಲೇ, ಯಾವಾಗ ಮಾರಬೇಕೆಂದು ಬರೆದಿಟ್ಟಿದ್ದೇನೆ: ಚಾಸಿಯಲ್ಲಿ ತುಕ್ಕು ಕಂಡ ದಿನ, ಇಂಜಿನ್ ಎರಡನೇ ಸಲ ಬಿಚ್ಚಬೇಕಾದ ದಿನ, ಇಲ್ಲವೇ 2029ರ ಜೂನ್, ಯಾವುದು ಮೊದಲೋ ಅದು. ಎರಡನೇ ಪುಟದಲ್ಲಿ ಮೊದಲ ತಿಂಗಳ 2,640 ಜಮೆಯಾಗಿದೆ.

ಆ ಡೆಲಿವರಿ ಹುಡುಗನ ಲೆಕ್ಕ ನನ್ನ ಲೆಕ್ಕದಂತಲ್ಲ. ಅವನ ಅನುಮತಿ ಕೇಳಿ ಅದನ್ನು ನಿಮಗೆ ಕೊಡುತ್ತಿದ್ದೇನೆ. ಅವನು ವರ್ಷಕ್ಕೆ 24,000 ಕಿ.ಮೀ. ಓಡುತ್ತಾನೆ. ನನ್ನ ಗಾಡಿಯಂಥದ್ದನ್ನೇ 9,000ಕ್ಕೆ ಕೊಂಡು, 10,900 ರಿಪೇರಿ ಮಾಡಿಸಿದರೆ, ಅವನ ಓಟಕ್ಕೆ ಸರ್ವಿಸ್ ಮತ್ತು ರಿಪೇರಿ ವರ್ಷಕ್ಕೆ 12,000 ಆದೀತು, ವಿಮೆ 1,200, ಮೂರು ವರ್ಷದ ಮೇಲೆ ಗುಜರಿ 5,000. ಹೊಸದಾದರೆ 98,000, ಸರ್ವಿಸ್ ವರ್ಷಕ್ಕೆ 7,000, ವಿಮೆಗೆ ಒಟ್ಟು 3,000. ಅಷ್ಟು ಓಡಿದ ಗಾಡಿಗೆ ಮೂರು ವರ್ಷದ ಮೇಲೆ 40,000 ಮಾತ್ರ. ಮೈಲೇಜ್ ಮತ್ತು ಪೆಟ್ರೋಲ್ ದರ ನನ್ನ ಲೆಕ್ಕದ್ದೇ ಇರಲಿ. ಸಾಲ ಮಾಡಿದರೆ ಬಡ್ಡಿ 21,040. ಗಾಡಿ ಗ್ಯಾರೇಜಿನಲ್ಲಿ ನಿಂತ ಪ್ರತಿದಿನಕ್ಕೆ ಅವನಿಗೆ 600 ರೂಪಾಯಿ ಹೋಗುತ್ತದೆ. ಸಾಲವಿಲ್ಲದೆ ಯಾವುದು ಅಗ್ಗ? ಸಾಲ ಮಾಡಿ ಹೊಸದು ತೆಗೆದರೆ, ಹಳೆಯದು ವರ್ಷಕ್ಕೆ ಎಷ್ಟು ದಿನಕ್ಕಿಂತ ಹೆಚ್ಚು ಕೆಟ್ಟು ನಿಂತಾಗ ಹೊಸದೇ ಲಾಭ? ಬಿಡಿಸಿದ ಹಾಳೆಯನ್ನು ಸ್ಟಾಫ್ ರೂಮಿನ ಕಿಟಕಿ ಬದಿಯ ನನ್ನ ಮೇಜಿನ ಮೇಲೆ ಇಡಿ. ಅವನು ಬರುವ ಶುಕ್ರವಾರ ಜುಮಾ ಮುಗಿಸಿ ಬರುತ್ತೇನೆ ಎಂದಿದ್ದಾನೆ, ನಿಮ್ಮ ಹಾಳೆಗಳನ್ನು ಅವನ ಮುಂದೆಯೇ ನೋಡೋಣ.